ತೂಬು ಕಾಯುವ ಆಟಗಾರ

ಯಾದಗಿರಿ ಜಿಲ್ಲೆಯ ಗೋಗಿಯ ದರ್ಗಾದ ಆವರಣದಲ್ಲಿ ಮಣ್ಣಾದವರಲ್ಲಿ ಯೂಸುಫ್ ಆದಿಲ್ ಶಾ ಒಬ್ಬ. ಬಿಜಾಪುರದ ಆದಿಲ್ ಶಾಹಿ ಮನೆತನಕ್ಕೆ ಬುನಾದಿ ಹಾಕಿದ ಈತ ಹುಟ್ಟಿದ್ದು ಈ ದೇಶದಲ್ಲಲ್ಲ. ಕಡಲು ದಾಟಿ ಬಂದು, ಬಹಮನಿ ಸುಲ್ತಾನರ ಚಾಕರಿಗೆ ಸೇರಿ, ಕೊನೆಗೆ ತನ್ನದೇ ರಾಜ್ಯ ಕಟ್ಟಿಕೊಂಡ. 1510ರಲ್ಲಿ ತೀರಿಕೊಂಡಾಗ ರಾಜಧಾನಿ ಬಿಟ್ಟು ಗೋಗಿಯಲ್ಲಿ, ಸೂಫಿ ಸಂತ ಚಂದಾ ಹುಸೇನಿಯವರ ಗೋರಿಯ ಹತ್ತಿರ ಅವನನ್ನು ಮಣ್ಣು ಮಾಡಿದರು. ಈಗಿನವರ ಮಾತಿನಲ್ಲಿ ಹೇಳಿದರೆ ಹೊರದೇಶದಿಂದ ಬಂದು ತಂಡ ಬದಲಿಸುತ್ತ ಹೋಗಿ, ಕಡೆಗೆ ತಾನೇ ಒಂದು ತಂಡದ ಮಾಲೀಕನಾದ ಆಟಗಾರ.

ಆಮೇಲಿನ ಕಾಲದಲ್ಲಿ ಈ ಕಡೆಯ ಓಡಾಟದ ದಿಕ್ಕು ಬದಲಾಯಿತು. ಶಹಾಪುರ, ಸುರಪುರ ಸೀಮೆಯಿಂದ ಜನ ಹೊರಗೆ ಹೋಗತೊಡಗಿದರು. ಸುಗ್ಗಿ ಮುಗಿದರೆ, ಇಲ್ಲವೇ ಮಳೆ ಕೈಕೊಟ್ಟರೆ ಗುಳೆ. ಯಾದಗಿರಿ ಸ್ಟೇಷನ್ನಿನಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದರೆ ಬೆಂಗಳೂರು. ಅಲ್ಲಿ ಕಟ್ಟಡದ ಕೆಲಸ, ಒಂದು ಹಂಗಾಮಿನ ಕೂಲಿ, ಮತ್ತೆ ಊರು. ಕೆಲಸ ಇದ್ದಲ್ಲಿಗೆ ಮೈ ಹೊತ್ತು ಹೋಗುವುದು, ಅಲ್ಲಿ ಮುಗಿದರೆ ಇನ್ನೊಂದು ಕಡೆ. ವೃತ್ತಿಪರ ಫುಟ್ಬಾಲ್ ಆಟಗಾರನ ಬದುಕು ಹೇಗಿರುತ್ತದೆ ಎಂದು ಈ ಸೀಮೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಅದು ಬೂಟು ಹಾಕಿಕೊಂಡು ಮಾಡುವ ಗುಳೆ. ಒಂದೊಂದು ಸೀಸನ್ನಿನ ಕರಾರು, ಗೊತ್ತಿಲ್ಲದ ಊರು, ಬಾಯಿಗೆ ಹಿಡಿಸದ ಊಟ, ಮೊಣಕಾಲು ಗಟ್ಟಿ ಇರುವ ತನಕ ದುಡಿಮೆ.

ಕರ್ನಾಟಕದಲ್ಲಿ ಈ ಗುಳೆಗೆ ಒಂದು ಒಳ್ಳೆಯ ಉದಾಹರಣೆ ಕಾರ್ಲ್ಟನ್ ಚಾಪ್‌ಮನ್.

ಚಾಪ್‌ಮನ್ ಹುಟ್ಟಿದ್ದು ಬೆಂಗಳೂರಿನಲ್ಲಿ, 1971ರ ಏಪ್ರಿಲ್ 13ರಂದು. ಆಂಗ್ಲೋ-ಇಂಡಿಯನ್ ಮನೆತನ. ಎಂಬತ್ತರ ದಶಕದ ನಡುವಿನಲ್ಲಿ ಕ್ರೀಡಾ ಪ್ರಾಧಿಕಾರದ ಬೆಂಗಳೂರು ಕೇಂದ್ರ ಸೇರಿದ ಹುಡುಗ, ಸದರ್ನ್ ಬ್ಲೂಸ್ ಕ್ಲಬ್ಬಿಗೆ ಆಡಿ, 1990ರಲ್ಲಿ ಜಮ್‌ಶೆಡ್‌ಪುರದ ಟಾಟಾ ಫುಟ್ಬಾಲ್ ಅಕಾಡೆಮಿಗೆ ಹೋದ. ಅಕಾಡೆಮಿ ಶುರುವಾಗಿ ಆಗ ಮೂರೇ ವರ್ಷ. ಹುಡುಗರನ್ನು ಒಂದೇ ಕಡೆ ಇಟ್ಟುಕೊಂಡು, ಊಟ, ಓದು, ಆಟ ಮೂರನ್ನೂ ಕೊಟ್ಟು ಬೆಳೆಸುವ ಇಂಥ ವ್ಯವಸ್ಥೆ ದೇಶದ ಫುಟ್ಬಾಲಿಗೆ ಹೊಸದು. ಅಲ್ಲಿಂದ 1993ರಲ್ಲಿ ಕೋಲ್ಕತ್ತದ ಈಸ್ಟ್ ಬೆಂಗಾಲ್.

ಅದೇ ವರ್ಷ ಏಷ್ಯನ್ ಕಪ್ ವಿನ್ನರ್ಸ್ ಕಪ್ ಪಂದ್ಯಾವಳಿಯಲ್ಲಿ ಈಸ್ಟ್ ಬೆಂಗಾಲ್‌ಗೆ ಎದುರಾದದ್ದು ಇರಾಕಿನ ಅಲ್ ಜವ್ರಾ. ಇರಾಕಿನ ದೊಡ್ಡ ಕ್ಲಬ್ಬು. ಭಾರತದ ಕ್ಲಬ್ಬುಗಳು ಅಂಥವರ ಮುಂದೆ ನಾಲ್ಕೈದು ಗೋಲು ತಿಂದು ಬರುವುದೇ ರೂಢಿ. ಆ ದಿನ ಲೆಕ್ಕ ತಿರುಗಿತು: 6-2, ಗೆದ್ದದ್ದು ಈಸ್ಟ್ ಬೆಂಗಾಲ್. ಮೂರು ಗೋಲು ಚಾಪ್‌ಮನ್‌ರವು. ವಯಸ್ಸು ಇಪ್ಪತ್ತೆರಡು, ಆಡುತ್ತಿದ್ದ ಜಾಗ ಮಿಡ್‌ಫೀಲ್ಡ್. ಗೋಲು ಹೊಡೆಯುವುದಕ್ಕೆಂದೇ ಮುಂದೆ ನಿಲ್ಲಿಸಿದವರು ಬೇರೆ ಇದ್ದರು.

ಹಾಗಾದರೆ ಮಿಡ್‌ಫೀಲ್ಡರ್ ಮಾಡುವ ಕೆಲಸ ಏನು? ಗೋಲಿ ಗೋಲು ತಡೆಯುತ್ತಾನೆ, ಸ್ಟ್ರೈಕರ್ ಗೋಲು ಹೊಡೆಯುತ್ತಾನೆ, ಹಿಂದಿನವರು ಎದುರಾಳಿಗೆ ಅಡ್ಡ ನಿಲ್ಲುತ್ತಾರೆ. ಇವೆಲ್ಲ ಮೊದಲ ಸಲ ಆಟ ನೋಡುವವರಿಗೂ ತಿಳಿಯುತ್ತವೆ. ನಡುವಿನವನ ಕೆಲಸ ಅಷ್ಟು ಬೇಗ ಕಣ್ಣಿಗೆ ಬೀಳುವುದಿಲ್ಲ. ನಾರಾಯಣಪುರ ಎಡದಂಡೆ ಕಾಲುವೆಯ ನೀರು ಕಂಡ ಊರಿನವರಿಗೆ ಒಂದು ಹೋಲಿಕೆ ಕೊಡಬಹುದು: ಅವನು ತೂಬಿನ ಮೇಲೆ ಕೂತವನು. ನೀರು ಬರುವುದು ಹಿಂದಿನಿಂದ, ಹೋಗಬೇಕಾದ್ದು ಮುಂದಿನ ಹೊಲಗಳಿಗೆ. ಯಾವ ಹೊಲ ಒಣಗಿದೆ, ಎಲ್ಲಿ ಬದು ಒಡೆದಿದೆ, ಯಾವಾಗ ಬಾಗಿಲು ಎತ್ತಬೇಕು, ಯಾವಾಗ ಇಳಿಸಬೇಕು ಎಂಬುದು ಅವನ ತಲೆಯಲ್ಲಿರಬೇಕು. ತೂಬು ಕಾಯುವವನು ತಪ್ಪಿದರೆ ಮೇಲಿನ ಹೊಲ ಜವುಳು, ಕೊನೆಯ ಹೊಲಕ್ಕೆ ಹನಿಯೂ ಇಲ್ಲ.

ಹೋಲಿಕೆ ಇಲ್ಲಿಗೆ ಸಾಕು. ಕಾಲುವೆ ತೂಬಿನ ಬಳಿ ಯಾರೂ ಹಿಂದಿನಿಂದ ಬಂದು ಕಾಲು ಕೊಡುವುದಿಲ್ಲ (ಕೊಡುವ ಊರುಗಳೂ ಇವೆ, ಆ ಮಾತು ಬೇರೆ).

ಮೈದಾನದ ಒಂದು ಕ್ಷಣವನ್ನು ಹತ್ತಿರದಿಂದ ನೋಡಿ. ಡಿಫೆಂಡರ್ ಕಾಲಿನಿಂದ ಚೆಂಡು ಹೊರಟು ಮಿಡ್‌ಫೀಲ್ಡರ್ ಕಡೆ ಉರುಳಿ ಬರುತ್ತಿದೆ. ಹದಿನೈದು ಮೀಟರ್ ದಾರಿ, ಒಂದು ಸೆಕೆಂಡಿನ ಆಚೀಚೆ ಹೊತ್ತು. ಅನುಭವ ಇಲ್ಲದ ಹುಡುಗ ಆ ಹೊತ್ತನ್ನೆಲ್ಲ ಚೆಂಡು ನೋಡುವುದರಲ್ಲೇ ಕಳೆಯುತ್ತಾನೆ. ಚೆಂಡು ಕಾಲಿಗೆ ಸಿಕ್ಕ ಮೇಲೆ ತಲೆ ಎತ್ತುತ್ತಾನೆ, ಅಷ್ಟರಲ್ಲಿ ಬೆನ್ನಿಗೆ ಎದುರಾಳಿಯ ಎದೆ ತಾಗಿರುತ್ತದೆ. ಪಳಗಿದವನು ಚೆಂಡು ಬರುವ ಮುಂಚೆಯೇ ಬಲ ಹೆಗಲ ಮೇಲಿಂದ ಒಮ್ಮೆ, ಎಡ ಹೆಗಲ ಮೇಲಿಂದ ಒಮ್ಮೆ ಕತ್ತು ಹೊರಳಿಸಿ ಹಿಂದೆ ಯಾರಿದ್ದಾರೆ ಎಂದು ನೋಡಿಕೊಂಡಿರುತ್ತಾನೆ. ಮೈ ಅರ್ಧ ಓರೆ. ಚೆಂಡನ್ನು ಹತ್ತಿರದ ಕಾಲಿಗೆ ತಗೊಳ್ಳದೆ ಮೈ ಮುಂದೆ ಹಾಯಲು ಬಿಟ್ಟು ದೂರದ ಕಾಲಿನ ಒಳಮಗ್ಗುಲಿಗೆ ತಗೊಳ್ಳುತ್ತಾನೆ. ಆ ಒಂದೇ ಮುಟ್ಟಿನಲ್ಲಿ ಅವನು ಎದುರಾಳಿಯ ಗೋಲಿನತ್ತ ತಿರುಗಿ ಆಗಿರುತ್ತದೆ. ಬೆನ್ನ ಹಿಂದೆ ಕಾದಿದ್ದವನು ಈಗ ಪಕ್ಕದಲ್ಲಿ, ಒಂದು ಹೆಜ್ಜೆ ಹಿಂದೆ. ಮುಂದಿನ ಪಾಸಿನಿಂದ ಗೋಲಾದರೆ ಟಿವಿಯವರು ತೋರಿಸುವುದು ಗೋಲನ್ನು. ಈ ಕತ್ತು ಹೊರಳಿಸಿದ್ದು ರೀಪ್ಲೇಯಲ್ಲಿ ಬರುವುದಿಲ್ಲ.

ನಾರ್ವೆಯ ಸಂಶೋಧಕ ಗೈರ್ ಯೋರ್ಡೆಟ್ ಇಂಗ್ಲೆಂಡಿನ ಲೀಗ್ ಆಟಗಾರರನ್ನು ಹತ್ತಿರದ ಕ್ಯಾಮೆರಾದಲ್ಲಿ ಹಿಡಿದು ಈ ಕತ್ತಿನ ಹೊರಳನ್ನೇ ಎಣಿಸಿದವರು. ಚೆಂಡು ಸಿಗುವ ಮುಂಚೆ ಹೆಚ್ಚು ಸಲ ಸುತ್ತ ನೋಡಿದವರ ಪಾಸುಗಳು ಹೆಚ್ಚು ಗುರಿ ಮುಟ್ಟುತ್ತವೆ ಎಂಬುದು ಅವರು ಕಂಡದ್ದು. ಇದರ ಜತೆಗೆ ಓಟವೂ ಉಂಟು. ತೊಂಬತ್ತು ನಿಮಿಷದಲ್ಲಿ ನಡುವಿನ ಆಟಗಾರ ಸಾಮಾನ್ಯವಾಗಿ 10ರಿಂದ 12 ಕಿಲೋಮೀಟರ್ ಓಡುತ್ತಾನೆ. ಅಷ್ಟು ಓಡಿದರೂ ಚೆಂಡು ಅವನ ಕಾಲಲ್ಲಿ ಇರುವುದು ಒಂದೆರಡು ನಿಮಿಷ ಮಾತ್ರ. ಉಳಿದ ಹೊತ್ತೆಲ್ಲ ಸರಿಯಾದ ಜಾಗದಲ್ಲಿ ನಿಲ್ಲುವುದಕ್ಕಾಗಿ ಓಡಾಟ.

ಚಾಪ್‌ಮನ್ ಈ ಕೆಲಸ ಹೊತ್ತು ಊರೂರು ತಿರುಗಿದರು. 1995ರಲ್ಲಿ ಪಂಜಾಬಿನ ಫಗ್ವಾಡಾದ ಜೆಸಿಟಿ, ಅಂದರೆ ಬಟ್ಟೆ ಗಿರಣಿಯೊಂದು ಸಾಕಿದ ತಂಡ. ಮುಂದೆ ಐ.ಎಂ. ವಿಜಯನ್, ಬೈಚುಂಗ್ ಭುಟಿಯಾ. ಹಿಂದೆ ತೂಬಿನ ಮೇಲೆ ಚಾಪ್‌ಮನ್. ಕೇರಳದವ ಒಬ್ಬ, ಸಿಕ್ಕಿಮಿನವ ಒಬ್ಬ, ಬೆಂಗಳೂರಿನವ ಒಬ್ಬ ಸೇರಿ ಪಂಜಾಬಿಗೆ 1996-97ರ ಮೊತ್ತಮೊದಲ ರಾಷ್ಟ್ರೀಯ ಫುಟ್ಬಾಲ್ ಲೀಗ್ ಕಿರೀಟ ತಂದರು. ಆಮೇಲೆ ಕೊಚ್ಚಿಯಲ್ಲಿ ಹೊಸದಾಗಿ ಹುಟ್ಟಿದ ಎಫ್‌ಸಿ ಕೊಚ್ಚಿನ್, ಅಲ್ಲಿ ಒಂದೇ ಸೀಸನ್. 1998ರಲ್ಲಿ ಮತ್ತೆ ಈಸ್ಟ್ ಬೆಂಗಾಲ್. 2000-01ರಲ್ಲಿ ಅವರ ನಾಯಕತ್ವದಲ್ಲಿ ಆ ಕ್ಲಬ್ಬು ಮೊದಲ ಬಾರಿಗೆ ರಾಷ್ಟ್ರೀಯ ಲೀಗ್ ಗೆದ್ದಿತು. ಆ ಕಿರೀಟದ ಬೆನ್ನಿಗೇ ಬೂಟು ಬಿಚ್ಚಿಟ್ಟರು. ವಯಸ್ಸು ಮೂವತ್ತು. ಈ ನಡುವೆ ಭಾರತಕ್ಕೆ ಆಡಿದ್ದು, 1997ರ ಸ್ಯಾಫ್ ಕಪ್ ಗೆದ್ದ ತಂಡದಲ್ಲಿದ್ದದ್ದು, ದೇಶದ ನಾಯಕರಾಗಿದ್ದದ್ದು ಎಲ್ಲ ನಡೆಯಿತು.

ಬೆಂಗಳೂರು, ಜಮ್‌ಶೆಡ್‌ಪುರ, ಕೋಲ್ಕತ್ತ, ಫಗ್ವಾಡಾ, ಕೊಚ್ಚಿ, ಮತ್ತೆ ಕೋಲ್ಕತ್ತ. ಈ ಪಟ್ಟಿಯಲ್ಲಿ ವಿದೇಶದ ಕ್ಲಬ್ ಒಂದೂ ಇಲ್ಲ. ಹಾಗಂತ ಅವರು ಊರಲ್ಲೇ ಆಡಿದರು ಎಂದು ಯಾರಾದರೂ ಅಂದಾರೆಯೇ? ಕರ್ನಾಟಕದ ಫುಟ್ಬಾಲಿಗರಿಗೆ ಪರದೇಶ ಎಂದರೆ ಬಹುಕಾಲ ಕೋಲ್ಕತ್ತವೇ. ಭಾಷೆ ಬೇರೆ, ಮೀನಿನ ಊಟ, ಮಳೆಗಾಲದ ಕೆಸರು ಮೈದಾನ, ಗೆದ್ದರೆ ಹೆಗಲ ಮೇಲೆ ಹೊರುವ, ಸೋತರೆ ಹೊಡೆಯಲು ಬರುವ ಜನ. ಆಟಗಾರರನ್ನು ಸೆಳೆಯುವ ಹಂಗಾಮಿನಲ್ಲಿ ಎದುರಾಳಿ ಕ್ಲಬ್ಬಿನವರು ಹೊತ್ತೊಯ್ಯದಂತೆ ಸಹಿ ಬೀಳುವ ತನಕ ಆಟಗಾರನನ್ನು ಗುಟ್ಟಾಗಿ ಯಾರದೋ ಮನೆಯಲ್ಲಿ ಬಚ್ಚಿಡುವ ಪದ್ಧತಿಯೂ ಅಲ್ಲಿತ್ತು.

ಆ ದಾರಿ ತುಳಿದವರು ಹಳಬರು. ಬೆಂಗಳೂರಿನ ಅಹ್ಮದ್ ಖಾನ್ 1949ರಲ್ಲಿ ಈಸ್ಟ್ ಬೆಂಗಾಲ್ ಸೇರಿ ಹತ್ತು ವರ್ಷ ಅಲ್ಲೇ ಆಡಿದರು. ವೆಂಕಟೇಶ್, ಅಪ್ಪಾರಾವ್, ಧನರಾಜ್, ಸಾಲೇ ಜತೆ ಅವರನ್ನೂ ಸೇರಿಸಿ ಬಂಗಾಳಿಗಳು ಪಂಚಪಾಂಡವರು ಎಂದರು. ಐವರೂ ದಕ್ಷಿಣದವರು, ಹೆಸರಿಟ್ಟದ್ದು ಬಂಗಾಳ. ಅಹ್ಮದ್ ಆಡುತ್ತಿದ್ದದ್ದು ಇನ್‌ಸೈಡ್ ಲೆಫ್ಟ್. ಆಗಿನ ಐವರ ಮುಂಚೂಣಿಯಲ್ಲಿ ಒಂದು ಹೆಜ್ಜೆ ಹಿಂದೆ ನಿಂತು ಆಟ ಕಟ್ಟುವ ಜಾಗ, ಇಂದಿನ ಲೆಕ್ಕದಲ್ಲಿ ದಾಳಿಗಿಳಿಯುವ ಮಿಡ್‌ಫೀಲ್ಡರ್. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸ್ ವಿರುದ್ಧ ಭಾರತ 1-2ರಲ್ಲಿ ಸೋತಾಗ ಅವರು ತಂಡದಲ್ಲಿದ್ದರು. ಆ ಒಂದು ಗೋಲು ಬೆಂಗಳೂರಿನವರೇ ಆದ ಸಾರಂಗಪಾಣಿ ರಾಮನ್ ಹೊಡೆದದ್ದು, ಒಲಿಂಪಿಕ್ಸಿನಲ್ಲಿ ಭಾರತದ ಮೊದಲ ಗೋಲು. ತಂಡದ ಹೆಚ್ಚಿನವರ ಕಾಲಲ್ಲಿ ಬೂಟಿರಲಿಲ್ಲ. 1952ರಲ್ಲಿ ಹೆಲ್ಸಿಂಕಿಯ ಚಳಿಯಲ್ಲಿ ಯುಗೋಸ್ಲಾವಿಯ ಹತ್ತು ಗೋಲು ತುಂಬಿತು. ಭಾರತದ ಒಂಟಿ ಗೋಲು ಅಹ್ಮದ್ ಖಾನ್‌ರದು.

ಹೆಸರಲ್ಲೇ ಕನ್ನಡದ ಮಣ್ಣಿನ ವಾಸನೆ ಇದ್ದವರು ಎಂ. ಕೆಂಪಯ್ಯ. ಹಾಫ್‌ಬ್ಯಾಕ್ ಎಂದು ಆಗ ಕರೆಯುತ್ತಿದ್ದ ನಡುವಿನ ಜಾಗ ಅವರದು. ಮೋಹನ್ ಬಾಗಾನ್‌ಗೆ ಆಡಿದರು. 1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ಆತಿಥೇಯ ಆಸ್ಟ್ರೇಲಿಯವನ್ನೇ 4-2ರಿಂದ ಸೋಲಿಸಿ ನಾಲ್ಕನೇ ಸ್ಥಾನಕ್ಕೆ ಬಂದ ಭಾರತ ತಂಡದಲ್ಲಿ ಅವರಿದ್ದರು, 1960ರ ರೋಮ್‌ನಲ್ಲೂ ಇದ್ದರು. ಮೆಲ್ಬರ್ನ್ ಎಂದರೆ ಎಲ್ಲರೂ ನೆವಿಲ್ ಡಿಸೋಜಾ ಹ್ಯಾಟ್ರಿಕ್ ನೆನೆಯುತ್ತಾರೆ. ಕೆಂಪಯ್ಯನವರ ಹೆಸರು ಇಂದು ಬೆಂಗಳೂರಿನಲ್ಲೇ ಎಷ್ಟು ಜನಕ್ಕೆ ಗೊತ್ತು?

ಊರಲ್ಲೇ ಉಳಿಯುವ ದಾರಿಯೂ ಇತ್ತು. ಬೆಂಗಳೂರಿನ ಐಟಿಐ, ಎಚ್ಎಎಲ್ ಥರದ ಸಾರ್ವಜನಿಕ ಕಾರ್ಖಾನೆಗಳು ಆಟಗಾರರಿಗೆ ನೌಕರಿ ಕೊಟ್ಟು ತಂಡ ಕಟ್ಟುತ್ತಿದ್ದವು. ತಿಂಗಳ ಸಂಬಳ, ಕ್ವಾರ್ಟರ್ಸ್, ಪಿಂಚಣಿ, ಸಂಜೆ ಅಭ್ಯಾಸ. 1977ರ ಮೊದಲ ಫೆಡರೇಷನ್ ಕಪ್ ಗೆದ್ದದ್ದು ಇಂಥ ಐಟಿಐ ತಂಡವೇ, ಅದೂ ಮೋಹನ್ ಬಾಗಾನ್ ವಿರುದ್ಧ. ಕೋಲ್ಕತ್ತದ ಹಣ ದೊಡ್ಡದು, ಆದರೆ ಮೊಣಕಾಲು ಹೋದ ದಿನ ನಿಂತುಹೋಗುವಂಥದು. ಕಾರ್ಖಾನೆಯ ಸಂಬಳ ಚಿಕ್ಕದು, ಆದರೆ ಆಟ ಬಿಟ್ಟ ಮೇಲೂ ಬರುವಂಥದು. ಅಪ್ಪ-ಅವ್ವ ಯಾವುದಕ್ಕೆ ಹೂಂ ಎನ್ನುತ್ತಿದ್ದರು ಎಂದು ಬೇರೆ ಹೇಳಬೇಕೆ. ಅವರದು ತಪ್ಪು ಲೆಕ್ಕವೂ ಆಗಿರಲಿಲ್ಲ. ಚಾಪ್‌ಮನ್ ಆಡಿದ ಎಫ್‌ಸಿ ಕೊಚ್ಚಿನ್ ಕೆಲವೇ ವರ್ಷಗಳಲ್ಲಿ ಇಲ್ಲವಾಯಿತು. ಮೊದಲ ಲೀಗ್ ಗೆದ್ದ ಜೆಸಿಟಿ 2011ರಲ್ಲಿ ಬಾಗಿಲು ಹಾಕಿತು.

ನಿಜವಾದ ಪರದೇಶದ ಬಾಗಿಲು ಇದಕ್ಕಿಂತ ಬಿಗಿ. ಕೋಲ್ಕತ್ತದ ಮೊಹಮ್ಮದ್ ಸಲೀಂ 1936ರಲ್ಲೇ ಸ್ಕಾಟ್ಲೆಂಡಿನ ಸೆಲ್ಟಿಕ್‌ಗೆ ಬರಿಗಾಲಲ್ಲಿ ಆಡಿ ಬಂದಿದ್ದರೂ, ಭುಟಿಯಾ ಇಂಗ್ಲೆಂಡಿನ ಬ್ಯೂರಿ ಕ್ಲಬ್ ಸೇರಲು 1999 ಬೇಕಾಯಿತು. 2009ರಲ್ಲಿ ಸುನಿಲ್ ಛೆಟ್ರಿಯನ್ನು ಲಂಡನ್ನಿನ ಕ್ವೀನ್ಸ್ ಪಾರ್ಕ್ ರೇಂಜರ್ಸ್ ಕರೆದುಕೊಳ್ಳಲು ಮುಂದಾಯಿತು. ಆಟಗಾರ ಒಪ್ಪಿದ, ಕ್ಲಬ್ಬು ಒಪ್ಪಿತು, ಆದರೆ ಕೆಲಸದ ಪರವಾನಗಿ ಸಿಗಲಿಲ್ಲ. ಆಟಗಾರನ ದೇಶ ಫಿಫಾ ಪಟ್ಟಿಯ ಮೊದಲ 70ರೊಳಗೆ ಇರಬೇಕು ಎಂಬುದು ಬ್ರಿಟನ್ನಿನ ಆಗಿನ ಕಟ್ಟಳೆ. ಭಾರತ ಅದರ ಆಸುಪಾಸಿನಲ್ಲೂ ಇರಲಿಲ್ಲ. ಒಬ್ಬನ ಕಾಲಿನ ಬೆಲೆ ಕಟ್ಟುವಾಗ ಅವನ ದೇಶದ ಶ್ರೇಯಾಂಕ ತಕ್ಕಡಿಗೆ ಬರುತ್ತದೆ ಎಂಬುದು ಸಣ್ಣ ಅನ್ಯಾಯವೇನಲ್ಲ. ಛೆಟ್ರಿ ಮರುವರ್ಷ ಅಮೆರಿಕದ ಕ್ಯಾನ್ಸಸ್ ಸಿಟಿಗೆ, 2012ರಲ್ಲಿ ಪೋರ್ಚುಗಲ್ಲಿನ ಸ್ಪೋರ್ಟಿಂಗ್ ಕ್ಲಬ್ಬಿನ ಬಿ ತಂಡಕ್ಕೆ ಹೋಗಿ ಬಂದು, ಕೊನೆಗೆ ಬೆಂಗಳೂರಿನಲ್ಲಿ ನೆಲೆ ನಿಂತರು.

2013ರಲ್ಲಿ ಬೆಂಗಳೂರು ಎಫ್‌ಸಿ ಹುಟ್ಟಿದ ಮೇಲೆ ಓಡಾಟದ ದಿಕ್ಕು ಮತ್ತೊಮ್ಮೆ ತಿರುಗಿತು. ಯೂಸುಫ್ ಆದಿಲ್ ಶಾನ ಕಾಲದಂತೆ ಈಗ ಹೊರಗಿನವರು ಇಲ್ಲಿಗೆ ಬರುವ ಸರದಿ. 2017ರಲ್ಲಿ ಕಂಠೀರವ ಕ್ರೀಡಾಂಗಣಕ್ಕೆ ಇಬ್ಬರು ಮಿಡ್‌ಫೀಲ್ಡರ್‌ಗಳು ಬಂದಿಳಿದರು. ಆಸ್ಟ್ರೇಲಿಯದ ಎರಿಕ್ ಪಾರ್ತಾಲು ಆರಡಿ ಮೀರಿದ ಆಳು. ಸ್ಕಾಟ್ಲೆಂಡಿನ ಗ್ರೆಟ್ನಾ, ಗ್ರೀನಕ್ ಮಾರ್ಟನ್, ಊರಿಗೆ ಮರಳಿ ಬ್ರಿಸ್ಬೇನ್ ರೋರ್, ಆಮೇಲೆ ಚೀನಾ, ಥಾಯ್ಲೆಂಡ್, ಕೊರಿಯಾ ಎಂದು ಸುತ್ತಿ ಬಂದವರು. ಬ್ರಿಸ್ಬೇನ್‌ನಲ್ಲಿದ್ದಾಗ ಆಸ್ಟ್ರೇಲಿಯದ ಲೀಗಿನ 2011ರ ಫೈನಲ್ಲಿನಲ್ಲಿ ಹೆಚ್ಚುವರಿ ಆಟವೂ ಮುಗಿಯುವ ಹೊತ್ತಿಗೆ ತಲೆಯಿಂದ ಚೆಂಡು ತಳ್ಳಿ ಸಮ ಮಾಡಿದ್ದರು, ಪೆನಾಲ್ಟಿಯಲ್ಲಿ ತಂಡ ಗೆದ್ದಿತ್ತು. ಇನ್ನೊಬ್ಬರು ಸ್ಪೇನಿನ ದಿಮಾಸ್ ದೆಲ್ಗಾಡೊ. ಬಾರ್ಸಿಲೋನಾದ ಬಿ ತಂಡದಲ್ಲಿ ಬೆಳೆದು, ನುಮಾನ್ಸಿಯಾದಂಥ ಸಣ್ಣ ಊರಿನ ತಂಡಕ್ಕೆ ಆಡಿ, ಸಿಡ್ನಿ ಮುಟ್ಟಿ, ಬೆಂಗಳೂರಿಗೆ ಬಂದಾಗ ವಯಸ್ಸು ಮೂವತ್ತನಾಲ್ಕು. ಓಟ ತಗ್ಗಿದ ವಯಸ್ಸು. ಕಣ್ಣು ಮಾತ್ರ ಹರಿತವಾಗಿಯೇ ಇತ್ತು.

2019ರ ಮಾರ್ಚ್ 17, ಮುಂಬೈ. ಇಂಡಿಯನ್ ಸೂಪರ್ ಲೀಗ್ (ಐಎಸ್ಎಲ್) ಫೈನಲ್ಲಿನಲ್ಲಿ ಎದುರಿಗೆ ಎಫ್‌ಸಿ ಗೋವಾ. ತೊಂಬತ್ತು ನಿಮಿಷ ಗೋಲಿಲ್ಲ, ಹೆಚ್ಚುವರಿ ಆಟವೂ ಮುಗಿಯುತ್ತ ಬಂದಿದೆ. 117ನೇ ನಿಮಿಷ, ಬೆಂಗಳೂರಿಗೆ ಕಾರ್ನರ್. ಚೆಂಡಿನ ಹಿಂದೆ ದಿಮಾಸ್. ಎರಡು ಗಂಟೆ ಓಡಿದ ಕಾಲಿನಿಂದ ಅವರು ಹೊಡೆದ ಚೆಂಡಿಗೆ ರಾಹುಲ್ ಭೇಕೆ ತಲೆ ಕೊಟ್ಟರು, 1-0. ಒಂದು ವರ್ಷದ ಹಿಂದೆ ಅದೇ ಮಾರ್ಚ್ 17ರಂದು ಕಂಠೀರವದಲ್ಲಿ ನಡೆದ ಫೈನಲ್ಲಿನಲ್ಲಿ, ತಮ್ಮದೇ ಜನರ ಮುಂದೆ ಚೆನ್ನೈಯಿನ್‌ಗೆ 2-3ರಲ್ಲಿ ಸೋತವರು ಇವರು.

ಹೊರಗಿನವರು ಹೀಗೆ ಬರುವುದರಲ್ಲಿ ಒಂದು ಮುಳ್ಳೂ ಇದೆ. ತಂಡಗಳು ವಿದೇಶಿಯರನ್ನು ಹೆಚ್ಚಾಗಿ ನಿಲ್ಲಿಸುವುದು ಮೈದಾನದ ಬೆನ್ನೆಲುಬಿನಲ್ಲಿ, ಅಂದರೆ ನಡುವಿನಲ್ಲಿ ಮತ್ತು ತುದಿಯಲ್ಲಿ. ಆಟ ಕಟ್ಟುವ ಜಾಗಕ್ಕೆ ಪಳಗಿದ ಸ್ಪೇನಿನವ ಸಿಗುವಾಗ ಇಪ್ಪತ್ತರ ಇಲ್ಲಿನ ಹುಡುಗನನ್ನು ನಂಬಲು ಯಾವ ಕೋಚಿಗೂ ಧೈರ್ಯ ಬರುವುದಿಲ್ಲ. 2021-22ರಿಂದ ಐಎಸ್ಎಲ್‌ನಲ್ಲಿ ಒಮ್ಮೆಗೆ ಮೈದಾನದಲ್ಲಿರಬಹುದಾದ ವಿದೇಶಿಯರ ಸಂಖ್ಯೆಯನ್ನು ಐದರಿಂದ ನಾಲ್ಕಕ್ಕೆ ಇಳಿಸಿದ್ದರ ಹಿಂದೆ ಈ ಯೋಚನೆಯೂ ಇತ್ತು. ಬೆಂಗಳೂರು ತಂಡದ ನಡುವಿನಲ್ಲಿ ಜಾಗ ಹಿಡಿದ ಭಾರತೀಯ ಹುಡುಗ ಸುರೇಶ್ ಸಿಂಗ್ ವಾಂಗ್ಜಂ ಮಣಿಪುರದವರು. ಬೆಂಗಳೂರಿನದೇ ಆಸ್ಟಿನ್ ಟೌನ್, ಪೆಲೆಯ ಪ್ರತಿಮೆ ಇಟ್ಟುಕೊಂಡ ಗೌತಮಪುರದಂಥ ಕೇರಿಗಳ ಹುಡುಗರು ಅಲ್ಲಿ ಕಾಣುವುದು ಅಪರೂಪ.

ಅವರು ಕಂಡದ್ದು ಬೇರೆ ಕಡೆ. 2023ರ ಮಾರ್ಚ್ 4ರಂದು ರಾಜ್ಯ ತಂಡಗಳ ಸಂತೋಷ್ ಟ್ರೋಫಿ ಫೈನಲ್ ಸೌದಿ ಅರೇಬಿಯದ ರಿಯಾದ್‌ನಲ್ಲಿ ನಡೆಯಿತು. ಕರ್ನಾಟಕ ಮೇಘಾಲಯವನ್ನು 3-2ರಿಂದ ಸೋಲಿಸಿ, ಮೈಸೂರು ಎಂಬ ಹೆಸರಿದ್ದಾಗ 1968-69ರಲ್ಲಿ ಗೆದ್ದಿದ್ದ ಟ್ರೋಫಿಯನ್ನು 54 ವರ್ಷಗಳ ಮೇಲೆ ಮತ್ತೆ ಎತ್ತಿತು. ಬೆಂಗಳೂರಿನ ಲೀಗಿನಲ್ಲಿ ನೂರಿನ್ನೂರು ಜನರ ಮುಂದೆ ಆಡುತ್ತಿದ್ದವರಿಗೆ ಮೊದಲ ಪರದೇಶದ ಹುಲ್ಲು ಸಿಕ್ಕಿದ್ದು ಹೀಗೆ, ಅದೂ ಕಿಂಗ್ ಫಹದ್ ಕ್ರೀಡಾಂಗಣದ್ದು.

ಆಟ ಬಿಟ್ಟ ಮೇಲೂ ಚಾಪ್‌ಮನ್‌ರ ಗುಳೆ ನಿಲ್ಲಲಿಲ್ಲ. 2002ರಲ್ಲಿ ತಾವು ಕಲಿತ ಟಾಟಾ ಅಕಾಡೆಮಿಗೇ ತರಬೇತುದಾರರಾಗಿ ಹೋದರು. ಅಲ್ಲಿಂದ ಶಿಲ್ಲಾಂಗಿನ ರಾಯಲ್ ವಾಹಿಂಗ್‌ಡೋ, ಕೊನೆಯ ವರ್ಷಗಳಲ್ಲಿ ಕೋಯಿಕ್ಕೋಡಿನ ಕ್ವಾರ್ಟ್ಜ್ ಎಫ್‌ಸಿ. ಹುಡುಗರಿಗೆ ಕಲಿಸುವುದರಲ್ಲೇ ಉಳಿದ ಆಯುಷ್ಯ ಕಳೆಯಿತು. 2020ರ ಅಕ್ಟೋಬರ್ 12ರಂದು ಬೆಂಗಳೂರಿನಲ್ಲಿ ಹೃದಯಾಘಾತದಿಂದ ತೀರಿಕೊಂಡಾಗ ಅವರಿಗೆ 49.

ಇನ್ನು ಗೋಗಿಯ ಹುಡುಗನ ಮಾತು. ಈ ಕಡೆ ಸಂಜೆ ಬಯಲಲ್ಲಿ ಕಾಣುವುದು ಕ್ರಿಕೆಟ್, ವಾಲಿಬಾಲ್, ಕಬಡ್ಡಿ. ಫುಟ್ಬಾಲ್ ಹೆಚ್ಚಾಗಿ ಮೊಬೈಲಿನಲ್ಲಿ. ಬೇಸಿಗೆಯಲ್ಲಿ ಎರೆಭೂಮಿ ಬಿರುಕು ಬಿಡುತ್ತದೆ, ಬಿಸಿಲು ನಲವತ್ತು ಡಿಗ್ರಿ ದಾಟುತ್ತದೆ, ಚೆಂಡು ನೆಲದ ಮೇಲೆ ನೆಟ್ಟಗೆ ಉರುಳುವುದಿಲ್ಲ. ನಡುವಿನ ಆಟಗಾರ ತಯಾರಾಗಲು ನೆಟ್ಟಗೆ ಉರುಳುವ ಚೆಂಡು ಬೇಕು. ಎಡವುವ ಚೆಂಡಿನ ಮೇಲೆ ಕಣ್ಣಿಟ್ಟ ಹುಡುಗ ಕತ್ತು ಹೊರಳಿಸುವುದನ್ನು ಕಲಿಯಲಾರ.

ಫಿಫಾದ ಒಂದು ನಿಯಮ ಹೆಚ್ಚಿನ ಶಾಲಾ ಮಾಸ್ತರರ ಕಿವಿಗೆ ಬಿದ್ದಿರಲಿಕ್ಕಿಲ್ಲ. ಆಟಗಾರನನ್ನು ಒಂದು ದೇಶದ ಕ್ಲಬ್ಬು ಇನ್ನೊಂದು ದೇಶದ ಕ್ಲಬ್ಬಿಗೆ ಹಣಕ್ಕೆ ಬಿಟ್ಟುಕೊಟ್ಟರೆ, ಆ ಹಣದ ನೂರಕ್ಕೆ ಐದು ಪಾಲು ಅವನನ್ನು ಬೆಳೆಸಿದ ಕ್ಲಬ್ಬುಗಳಿಗೆ ಹಂಚಿಕೆಯಾಗಬೇಕು. ಎಣಿಕೆ 12ನೇ ವಯಸ್ಸಿನಿಂದ 23ರ ತನಕ. 12ರಿಂದ 15ರವರೆಗೆ ವರ್ಷಕ್ಕೆ ನೂರಕ್ಕೆ ಕಾಲು ಪಾಲು, ಆಮೇಲೆ ನೂರಕ್ಕೆ ಅರ್ಧ ಪಾಲು. ಆ ವರ್ಷಗಳಲ್ಲಿ ಹುಡುಗನ ಹೆಸರು ಕ್ಲಬ್ಬಿನ ಆಟಗಾರನೆಂದು ಫುಟ್ಬಾಲ್ ಸಂಸ್ಥೆಯಲ್ಲಿ ನೋಂದಣಿಯಾಗಿರಬೇಕು, ಅಷ್ಟೇ. ಇಲ್ಲದಿದ್ದರೆ ಅವನನ್ನು ಬೆಳೆಸಿದ ಊರಿಗೆ ಬಿಡಿಗಾಸೂ ಇಲ್ಲ.

ಹನ್ನೆರಡನೇ ವಯಸ್ಸು ಎಂದರೆ ಏಳನೇ ತರಗತಿಯ ಹುಡುಗ. ಅಪ್ಪ-ಅವ್ವ ಗುಳೆ ಹೊರಟ ವರ್ಷವಾದರೆ ಅವನು ಬೆಂಗಳೂರಿನಲ್ಲಿ, ಏಳುತ್ತಿರುವ ಯಾವುದೋ ಕಟ್ಟಡದ ಬುಡದ ತಗಡಿನ ಶೆಡ್ಡಿನಲ್ಲಿ ಇರುತ್ತಾನೆ. ಅಲ್ಲಿಂದ ಅಶೋಕನಗರದ ಫುಟ್ಬಾಲ್ ಮೈದಾನಕ್ಕೆ ಸಿಟಿ ಬಸ್ಸಿದೆ.